ಒಮ್ಮೆ ಜಿಡ್ಡು, ಒಮ್ಮೆ ಪುಡಿ: ಪ್ಲಾಸ್ಮಾ ಪದರದ ತಕರಾರು

ಪ್ರಶ್ನೆ: ಎಂಎಸ್ಸಿ ಪ್ರಾಜೆಕ್ಟಿಗಾಗಿ ಹೆಕ್ಸಾಮೀಥೈಲ್‌ಡೈಸಿಲಾಕ್ಸೇನ್ ಎಂಬ ಸಿಲಿಕಾನ್‌ಯುಕ್ತ ದ್ರವದ ಆವಿಯಿಂದ ಗಾಜಿನ ಮೇಲೆ ಪ್ಲಾಸ್ಮಾ (ವಿದ್ಯುತ್ತಿನಿಂದ ಅಯಾನೀಕರಿಸಿದ ಅನಿಲ) ಪಾಲಿಮರ್ ಪದರ ಕಟ್ಟಿಸುತ್ತಿದ್ದೇನೆ. ಒಮ್ಮೆ ಬೆರಳಿಗೆ ಎಣ್ಣೆಯ ಹಾಗೆ ಅಂಟುತ್ತದೆ, ಇನ್ನೊಮ್ಮೆ ಬಿಳಿ ಪುಡಿ ಕೂರುತ್ತದೆ. ಅಷ್ಟಕ್ಕೂ ಈ ಅಣುವಿನಲ್ಲಿ ದ್ವಿಬಂಧವೇ ಇಲ್ಲ, ಪಾಲಿಮರ್ ಆಗುವುದಾದರೂ ಹೇಗೆ?

ಉತ್ತರ: ಪಾಲಿಥೀನಿನ ಹಾಗೆ ದ್ವಿಬಂಧ ಬಿಚ್ಚಿಕೊಂಡೇ ಜೋಡಣೆಯಾಗಬೇಕಿಲ್ಲ. ಪ್ಲಾಸ್ಮಾದ ಎಲೆಕ್ಟ್ರಾನುಗಳು ಬಡಿದಾಗ ಅಣುವಿನಿಂದ ಹೆಚ್ಚಾಗಿ ಒಂದು ಮೀಥೈಲ್ (CH₃) ಗುಂಪು ಕಳಚಿಕೊಳ್ಳುತ್ತದೆ. ಉಳಿದ ತುಂಡು ಗಾಜಿನ ಮೇಲೆ ಕೂತು ಪಕ್ಕದ್ದನ್ನು ಹಿಡಿಯುತ್ತದೆ. ಮತ್ತೆ ಏಟು, ಮತ್ತೆ ಜೋಡಣೆ. ಕೊನೆಗೆ ಸಿಗುವುದು ಸರಪಳಿಯಲ್ಲ, ಅಡ್ಡಾದಿಡ್ಡಿ ಹೆಣೆದ ಬಲೆ.

ಏಟು ಸಾಲದಿದ್ದರೆ ಬಲೆ ಹೆಣೆಯುವುದಿಲ್ಲ, ಜಿಡ್ಡು ಅದೇ. ಒಂದು ಕಿಲೋ ಆವಿಗೆ ಎಷ್ಟು ಶಕ್ತಿ ಬಿತ್ತೆಂದು ನೋಡಿ, ಪ್ಲಾಸ್ಮಾ ಪಾಲಿಮರ್ ಸಂಶೋಧಕ ಯಸುಡಾ ಹಾಕಿಕೊಟ್ಟ ಲೆಕ್ಕವಿದು. 5 ಎಸ್‌ಸಿಸಿಎಂ (ಪ್ರಮಾಣಿತ ಸ್ಥಿತಿಯಲ್ಲಿ ನಿಮಿಷಕ್ಕೆ ಇಷ್ಟು ಘನ ಸೆಂಟಿಮೀಟರ್) ಹರಿವೆಂದರೆ ಸೆಕೆಂಡಿಗೆ ಸುಮಾರು 0.6 ಮಿಲಿಗ್ರಾಂ, 30 ವ್ಯಾಟ್ ಕೊಟ್ಟರೆ ಕಿಲೋಗೆ 50 ಮೆಗಾಜೂಲ್. ಪದರ ಬೇಗ ದಪ್ಪವಾಗಲೆಂದು ಹರಿವನ್ನು 10ಕ್ಕೆ ಏರಿಸಿ ವ್ಯಾಟ್ ಹಾಗೇ ಬಿಟ್ಟಿರೋ, ಅದು 25ಕ್ಕೆ ಇಳಿಯಿತು. ಮೀಟರಿನಲ್ಲಿ ಮರಳಿ ಬರುವ ವ್ಯಾಟನ್ನೂ ನೋಡಿ. 30 ಹೋಗಿ 12 ವಾಪಸಾಗುತ್ತಿದ್ದರೆ ಒಳಗೆ ದಕ್ಕಿದ್ದು 18 ಮಾತ್ರ. ಈ ವಾಪಸಾತಿ ತಗ್ಗಿಸುವ ಮ್ಯಾಚಿಂಗ್ ಪೆಟ್ಟಿಗೆಯನ್ನು ಸರಿಹೊಂದಿಸಿ.

ಪುಡಿಗೆ ಕಾರಣ ಬಹುಮಟ್ಟಿಗೆ ಹೆಚ್ಚಿನ ಒತ್ತಡ. ತುಂಡುಗಳು ಗಾಜು ಮುಟ್ಟುವ ಮೊದಲೇ ಆವಿಯಲ್ಲೇ ಕೂಡಿ ಕಣಗಳಾಗುತ್ತವೆ, ಋಣ ವಿದ್ಯುದಾವೇಶ ಹೊತ್ತು ತೇಲುತ್ತವೆ, ವಿದ್ಯುತ್ ಆರಿಸಿದೊಡನೆ ಉದುರುತ್ತವೆ. 0.1ರಿಂದ 0.3 ಮಿಲಿಬಾರ್‌ನಲ್ಲಿ ಶುರು ಮಾಡಿ.

ಮೊದಲು ಗಾಜನ್ನು ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ತೊಳೆದು ಒಣಗಿಸಿ, ಕೋಣೆಯ ಒತ್ತಡವನ್ನು 0.01 ಮಿಲಿಬಾರ್‌ಗಿಂತ ಕೆಳಗಿಳಿಸಿ, ಪಂಪಿನ ಕವಾಟ ಮುಚ್ಚಿ ಐದು ನಿಮಿಷ ಒತ್ತಡದ ಮುಳ್ಳು ನೋಡಿ. ಸರಸರನೆ ಏರಿದರೆ ಸೋರಿಕೆಯಿದೆ, ಮುಂದುವರಿದು ಫಲವಿಲ್ಲ. ಆಮೇಲೆ ಆರ್ಗಾನ್ ಪ್ಲಾಸ್ಮಾ 2–3 ನಿಮಿಷ. ಇದನ್ನು ಬಿಟ್ಟರೆ ಪದರ ನೀರಿನಲ್ಲಿ ಹೊಪ್ಪಳೆ ಎದ್ದೀತು. ಗಾಜಿನ ಪಕ್ಕದಲ್ಲೊಂದು ಸಿಲಿಕಾನ್ ಚೂರು ಇಡಿ. ಅಲ್ಲಿ ಬಣ್ಣವೇ ಅಳತೆಗೋಲು: ಸುಮಾರು 50 ನ್ಯಾನೊಮೀಟರಿಗೆ ತಿಳಿಗಂದು, 100ಕ್ಕೆ ನೇರಳೆಹಣ್ಣಿನ ಬಣ್ಣ, 120ರ ಹೊತ್ತಿಗೆ ಕಡುನೀಲಿ. ಮುಗಿದ ತಕ್ಷಣ ಗಾಳಿ ಬಿಡಬೇಡಿ. ಪದರದಲ್ಲಿ ಸಿಕ್ಕಿಕೊಂಡ, ಒಂಟಿ ಎಲೆಕ್ಟ್ರಾನ್ ಹೊತ್ತ ರ‍್ಯಾಡಿಕಲ್‌ಗಳು ಆಮ್ಲಜನಕ ಹಿಡಿದು ದಿನೇ ದಿನೇ ಗುಣ ಬದಲಿಸುತ್ತವೆ. ಪ್ಲಾಸ್ಮಾ ಆರಿಸಿ ಐದಾರು ನಿಮಿಷ ಅದೇ ಆವಿ ಹರಿಯಲಿ.

ಪ್ರಶ್ನೆ: ಇದಕ್ಕೆ ಆಮ್ಲಜನಕ ಬೆರೆಸಿದರೆ?

ಉತ್ತರ: ಮೀಥೈಲ್ ಉರಿದುಹೋಗಿ ಪದರ ಗಾಜಿನಂತಾಗುತ್ತದೆ. ಮೊದಲು ಗುಂಡಗೆ ನಿಲ್ಲುತ್ತಿದ್ದ ನೀರಹನಿ ಹರಡುತ್ತದೆ. ಆದರೆ ಪಂಪಿನಲ್ಲಿ ಮಾಮೂಲಿ ಖನಿಜ ತೈಲವಿದ್ದರೆ ಶುದ್ಧ ಆಮ್ಲಜನಕ ಬಿಡಲೇಬೇಡಿ, ಸ್ಫೋಟದ ಅಪಾಯವಿದೆ. ಪಿಎಫ್‌ಪಿಇ (ಆಮ್ಲಜನಕದೊಡನೆ ಉರಿಯದ ಫ್ಲೋರಿನ್‌ಯುಕ್ತ) ಎಣ್ಣೆಯ ಪಂಪೇ ಬೇಕು.