ಓದುಗರ ಪ್ರಶ್ನೆ: ಗೇಲ್ ಓಮ್ವೆಟ್ ರೈತರ ಕಡೆಯೋ, ಕೂಲಿಯವರ ಕಡೆಯೋ?

ಪ್ರಶ್ನೆ: ಅಮೆರಿಕದಲ್ಲಿ ಹುಟ್ಟಿದವರು ನಮ್ಮ ಜಾತಿಯ ಬಗ್ಗೆ ಬರೆದದ್ದನ್ನು ಇಷ್ಟೊಂದು ಗೌರವದಿಂದ ನೆನೆಯುವುದು ಯಾಕೆ? – ಓದುಗರು, ಮದ್ದೂರು

ಉತ್ತರ: ಸಮಾಜಶಾಸ್ತ್ರಜ್ಞೆ ಗೇಲ್ ಓಮ್ವೆಟ್ ಹುಟ್ಟಿದ್ದು 1941ರಲ್ಲಿ, ಮಿನಿಯಾಪೊಲಿಸ್‌ನಲ್ಲಿ. ಬದುಕಿದ್ದು, 2021ರ ಆಗಸ್ಟ್ 25ರಂದು ತೀರಿಕೊಂಡದ್ದು ಮಹಾರಾಷ್ಟ್ರದ ಸಾಂಗ್ಲಿ ಜಿಲ್ಲೆಯ ಕಾಸೇಗಾಂವ್‌ನಲ್ಲಿ. 1976ರಲ್ಲಿ ಚಳವಳಿಗಾರ ಭರತ್ ಪಾಟಣ್ಕರ್ ಅವರನ್ನು ಮದುವೆಯಾದರು. 1983ರಲ್ಲಿ ಭಾರತದ ಪೌರತ್ವ ಪಡೆದರು. ಗೌರವ ಬಂದದ್ದು ಕೆಲಸದಿಂದ. 1973ರಲ್ಲಿ ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿ ಪಿಎಚ್‌.ಡಿ. ಪಡೆದಾಗ ಅವರ ವಿಷಯ ಪಶ್ಚಿಮ ಭಾರತದ ಬ್ರಾಹ್ಮಣೇತರ ಚಳವಳಿ. ಅಧ್ಯಯನ ಶುರುವಾಗುವುದು ಜೋತಿಬಾ ಫುಲೆ ಸತ್ಯಶೋಧಕ ಸಮಾಜ ಕಟ್ಟಿದ 1873ರಿಂದ. ಆ ಚಳವಳಿಯೆಂದರೆ ಸರ್ಕಾರಿ ನೌಕರಿಗಾಗಿ ನಡೆದ ಜಗ್ಗಾಟ, ಬ್ರಿಟಿಷರ ಕುಮ್ಮಕ್ಕು ಎಂದು ತಳ್ಳಿಹಾಕುವವರೇ ಹೆಚ್ಚಿದ್ದ ಕಾಲವದು. ಅದು ರೈತರ, ಶೂದ್ರರ, ದಲಿತರ ಸಾಂಸ್ಕೃತಿಕ ಬಂಡಾಯ ಎಂದು ಅವರು ತೋರಿಸಿಕೊಟ್ಟರು. ವರ್ಗದ ಲೆಕ್ಕದಲ್ಲೇ ಎಲ್ಲವನ್ನೂ ಅಳೆಯುತ್ತಿದ್ದ ಎಡಪಂಥೀಯರಿಗೆ ಈ ಮಾತು ಬೇಕೇ ಬೇಕಿತ್ತು.

ಪ್ರಶ್ನೆ: ಅವರನ್ನು ಎಡಪಂಥದವರೆನ್ನುತ್ತಾರೆ. ಆದರೆ ಮಹಾರಾಷ್ಟ್ರದ ರೈತ ನಾಯಕ ಶರದ್ ಜೋಶಿ ಅವರ ಶೇತ್ಕರಿ ಸಂಘಟನೆಯನ್ನು ಬೆಂಬಲಿಸಿದರು, ಅಣೆಕಟ್ಟು ವಿರೋಧಿಸಿದ ನರ್ಮದಾ ಚಳವಳಿಯನ್ನು ಟೀಕಿಸಿದರು. ಇದು ನಿಲುವು ಬದಲಾವಣೆಯಲ್ಲವೇ? – ಓದುಗರು, ಮಂಡ್ಯ

ಉತ್ತರ: ಬದಲಾದದ್ದು ನಿಜ. ಆದರೆ ದಿಕ್ಕು ತಪ್ಪಿದರು ಎನ್ನಲು ನಾವು ಒಪ್ಪುವುದಿಲ್ಲ. ರೈತನಿಗೆ ಸಿಗಬೇಕಾದ ಬೆಲೆಯನ್ನು ಪ್ರಭುತ್ವವೇ ತಡೆಹಿಡಿದು ಹಳ್ಳಿಯನ್ನು ಸುಲಿಯುತ್ತದೆ ಎಂಬುದು ಅವರ ವಾದ. ಆದ್ದರಿಂದ ಬೆಲೆಯ ಹೋರಾಟವೂ ಅವರ ಕಣ್ಣಲ್ಲಿ ಶೋಷಣೆಯ ವಿರುದ್ಧದ ಹೋರಾಟವೇ. ಮುಂದೆ ಅವರು ಮುಕ್ತ ಮಾರುಕಟ್ಟೆಗೆ, ಕುಲಾಂತರಿ ಬೀಜಕ್ಕೆ ಬಾಗಿಲು ತೆರೆಯಿರಿ ಎನ್ನುವವರೆಗೂ ಹೋದರು. ಪ್ರೊ. ಎಂ.ಡಿ. ನಂಜುಂಡಸ್ವಾಮಿ ಅವರ ಮುಂದಾಳತ್ವದ ನಮ್ಮ ರೈತ ಸಂಘ ಇದಕ್ಕೆ ನೇರ ಎದುರಾಗಿ ನಿಂತಿತ್ತು. ಇಲ್ಲಿನವರಿಗೆ ಅವರ ಮಾತು ಕಹಿಯಾಗುವುದು ಇದೇ ಕಾರಣಕ್ಕೆ.

ಅಣೆಕಟ್ಟಿನ ಮಾತಿಗೆ ಬರೋಣ. ನರ್ಮದಾ ಚಳವಳಿಯ ಪರ ಬರೆದಿದ್ದ ಲೇಖಕಿ ಅರುಂಧತಿ ರಾಯ್ ಅವರಿಗೆ 1999ರಲ್ಲಿ ಬಹಿರಂಗ ಪತ್ರ ಬರೆದಾಗ ಓಮ್ವೆಟ್ ಕಣ್ಣ ಮುಂದಿದ್ದದ್ದು ಕೃಷ್ಣಾ ಕಣಿವೆಯ ಬರ. ಮುಳುಗಡೆಯವರಿಗೆ ನ್ಯಾಯ ಬೇಕು, ಬರದ ಸೀಮೆಗೆ ನೀರೂ ಬೇಕು, ಎರಡನ್ನೂ ಕೂಡಿಸುವ ದಾರಿ ಹುಡುಕಿ ಎಂದರು. ಇದು ಬರೀ ವಾದವಾಗಿರಲಿಲ್ಲ. ಅವರ ಬಳಗದ ಮುಕ್ತಿ ಸಂಘರ್ಷ ಚಳವಳಿ ಯೇರಳಾ ನದಿಯಲ್ಲಿ ಬಳಿರಾಜಾ ಎಂಬ ಚಿಕ್ಕ ಅಣೆಕಟ್ಟು ಕಟ್ಟಿಸಿತ್ತು. ಗುತ್ತಿಗೆದಾರರು ನದಿಯ ಮರಳನ್ನು ಬಗೆದು ಸಾಗಿಸುತ್ತಿದ್ದರು. ನೀರು ಹಿಡಿದಿಡುವುದೇ ಮರಳು. ಅದು ಹೋದರೆ ದಡದ ಬಾವಿ ಬತ್ತುತ್ತದೆ. ಮರಳಿನ ಮೇಲೆ ಊರಿನ ಹಕ್ಕು ಕೇಳಿ, ಮಿತಿಯಲ್ಲಿ ಮಾರಿ, ಆ ದುಡ್ಡನ್ನೇ ಕಟ್ಟೆಗೆ ಹಾಕಿದರು. ಭೂಮಿ ಇಲ್ಲದ ಮನೆಗೂ ನೀರಿನ ಪಾಲು ಸಿಗಬೇಕೆಂಬುದು ಆ ಚಳವಳಿಯ ಬೇಡಿಕೆ. ಮಂಡ್ಯದ ವಿಶ್ವೇಶ್ವರಯ್ಯ ನಾಲೆಯ ಕೊನೆ ಭಾಗದವರೂ ಈ ಬೇಡಿಕೆಯನ್ನು ಕೂತು ಯೋಚಿಸಬೇಕು. ನಮ್ಮಲ್ಲಿ ನೀರು ಸಿಗುವುದು ಜಮೀನು ಇದ್ದವರಿಗೆ.

ಅವರ ಮೇಲಿನ ಗಟ್ಟಿ ಆಕ್ಷೇಪ ಬೇರೆಯೇ ಇದೆ. ಬೆಲೆ ಏರಿದರೆ ಹೆಚ್ಚು ಲಾಭವಾಗುವುದು, ಮಾರಲು ಹೆಚ್ಚು ಫಸಲು ಇರುವವನಿಗೆ. ಹೊಲದಲ್ಲಿ ದಲಿತ ಕೂಲಿಯವರನ್ನು ಹತ್ತಿಕ್ಕುವವರೂ ಎಷ್ಟೋ ಕಡೆ ಅದೇ ಭೂಮಾಲೀಕ ಜಾತಿಯವರು. 'ರೈತ' ಎಂಬ ಒಂದೇ ಪದದೊಳಗೆ ಇಬ್ಬರನ್ನೂ ಸೇರಿಸಿದರೆ ಕೂಲಿಯವರು ಕಾಣೆಯಾಗುತ್ತಾರೆ. ಈ ಆಕ್ಷೇಪಕ್ಕೆ ಅವರ ಉತ್ತರ ಸಾಲದು ಎಂಬುದೇ ನಮ್ಮ ಅಭಿಪ್ರಾಯ. ನೀರಿನ ವಿಷಯದಲ್ಲಿ ಭೂಹೀನರನ್ನು ಮರೆಯದವರು ಬೆಲೆಯ ವಿಷಯದಲ್ಲಿ ಅಷ್ಟು ಎಚ್ಚರ ವಹಿಸಲಿಲ್ಲ.

ಪ್ರಶ್ನೆ: ನಾನು ಸಮಾಜಶಾಸ್ತ್ರದ ಎಂ.ಎ. ವಿದ್ಯಾರ್ಥಿನಿ. ಮಂಡ್ಯದ ಒಂದು ಹಳ್ಳಿಯನ್ನು ಅವರ ದೃಷ್ಟಿಯಿಂದ ಅಧ್ಯಯನ ಮಾಡಬೇಕು. ಎಲ್ಲಿಂದ ಆರಂಭಿಸಲಿ? – ಓದುಗರು, ಮೈಸೂರು

ಉತ್ತರ: ದಲಿತ ಚಳವಳಿಯ ಚರಿತ್ರೆ ಕುರಿತ ಅವರ 1994ರ ಪುಸ್ತಕದಲ್ಲಿ ಮೈಸೂರು ಸಂಸ್ಥಾನದ ಭಾಗವಿದೆ, ಮೊದಲು ಅದನ್ನು ಓದಿ. ಜೊತೆಗೆ, ಸರ್ಕಾರಿ ನೌಕರಿಯಲ್ಲಿ ಹಿಂದುಳಿದವರ ಪಾಲಿನ ಬಗ್ಗೆ ಮೈಸೂರು ಸಂಸ್ಥಾನ ನೇಮಿಸಿದ 1918ರ ಮಿಲ್ಲರ್ ಸಮಿತಿಯ ಹಿನ್ನೆಲೆ ತಿಳಿದುಕೊಳ್ಳಿ.

ಹಳ್ಳಿಯಲ್ಲಿ ಪಹಣಿಯೊಂದನ್ನೇ ನಂಬಿ ಕೂರಬೇಡಿ. ವಾರಕ್ಕೆ, ಅಂದರೆ ಬೆಳೆಯಲ್ಲಿ ಪಾಲು ಕೊಡುವ ಕರಾರಿನ ಮೇಲೆ, ಬೇರೆಯವರ ಜಮೀನು ಮಾಡುವವರ ಹೆಸರು ಅದರಲ್ಲಿ ಸಾಮಾನ್ಯವಾಗಿ ಸಿಗುವುದಿಲ್ಲ. 1974ರ ಭೂಸುಧಾರಣೆ ತಿದ್ದುಪಡಿ ಗೇಣಿಯನ್ನೇ ನಿಷೇಧಿಸಿದ್ದರಿಂದ ಒಪ್ಪಂದವೆಲ್ಲ ಬಾಯಿಮಾತಿನದು. ಹಾಗಾಗಿ ಮನೆಮನೆಗೆ ಹೋಗಿ: ಎಷ್ಟು ಗುಂಟೆ ಸ್ವಂತ, ಎಷ್ಟು ವಾರಕ್ಕೆ, ವರ್ಷದಲ್ಲಿ ಎಷ್ಟು ದಿನ ಕೂಲಿ, ಮನೆಯ ಹೆಂಗಸರ ಹೆಸರಲ್ಲಿ ಎಷ್ಟು ಭೂಮಿ. ಕೊನೆಯ ಪ್ರಶ್ನೆ ಬಿಟ್ಟರೆ ಓಮ್ವೆಟ್ ದೃಷ್ಟಿಯೇ ಬಿಟ್ಟಂತೆ. ಹೆಂಡತಿಯ ಹೆಸರಿಗೆ ಜಮೀನು ಮಾಡಿಸುವ ಶೇತ್ಕರಿ ಸಂಘಟನೆಯ 'ಲಕ್ಷ್ಮಿ ಮುಕ್ತಿ' ಅಭಿಯಾನ ಅವರಿಗೆ ಬಹಳ ಮುಖ್ಯವೆನಿಸಿತ್ತು.

ಹೆಂಗಸರನ್ನು ಗಂಡಸರೆದುರು ಕೇಳಿದರೆ ಉತ್ತರ ಗಂಡಸರಿಂದಲೇ ಬರುತ್ತದೆ. ಅರಳಿಕಟ್ಟೆಯಲ್ಲಿ ಕೂತು ಕೇಳಿದರೆ ದಲಿತ ಕೇರಿಯವರು ಬಾಯಿಬಿಡುವುದಿಲ್ಲ. ಕೇರಿಗೆ ಬೇರೆ ದಿನ, ಕೂಲಿ ಮುಗಿದ ಮೇಲೆ ಸಂಜೆ ಹೋಗಿ. ನಾಲೆಯ ತಲೆಭಾಗದ ಹಳ್ಳಿ ಒಂದು, ಕೊನೆ ಭಾಗದ ಹಳ್ಳಿ ಒಂದು ಆರಿಸಿಕೊಂಡರೆ ಹೋಲಿಸುವುದಕ್ಕೆ ಆಧಾರ ಸಿಗುತ್ತದೆ.