ಉದ್ಯೋಗ ಸಲಹೆ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಮಾನ್ಯರೇ, ನಾನು 2023ರಲ್ಲಿ ಮೆಕ್ಯಾನಿಕಲ್ ಡಿಪ್ಲೊಮಾ ಮುಗಿಸಿದೆ. ಕೊನೆಯ ಸೆಮಿಸ್ಟರ್‌ನಲ್ಲಿ ಮೂರು ತಿಂಗಳು ಒಂದು ಮಷಿನ್ ಶಾಪ್‌ನಲ್ಲಿ, ಕಂಪ್ಯೂಟರ್ ನಿಯಂತ್ರಿತ ಸಿಎನ್‌ಸಿ ಲೇತ್‌ನಿಂದ ಹೊರಬರುವ ಶಾಫ್ಟ್‌ಗಳ ಅಳತೆ ನೋಡುವ ಕೆಲಸ ಕಲಿತಿದ್ದೆ. ಆಮೇಲೆ ತಂದೆಯವರ ಆರೋಗ್ಯ ಕೆಟ್ಟಿದ್ದರಿಂದ ಒಂದು ವರ್ಷ ನಮ್ಮ ಟೊಮೆಟೊ ತೋಟವನ್ನು ನಾನೇ ನೋಡಿಕೊಂಡೆ. ಈಗ ಮಾಲೂರು, ನರಸಾಪುರ, ವೇಮಗಲ್ ಕಡೆಯ ಕಾರ್ಖಾನೆಗಳಿಗೆ ನಲವತ್ತು ಅರ್ಜಿ ಕಳಿಸಿದ್ದೇನೆ. ಒಂದು ಕರೆಯೂ ಬಂದಿಲ್ಲ. ಆ ಒಂದು ವರ್ಷದ ಗ್ಯಾಪ್ ಇದಕ್ಕೆ ಕಾರಣವೇ? ನನ್ನ ಬಯೋಡೇಟಾ ಮತ್ತು ಕಳಿಸಿದ ಇಮೇಲ್‌ನ ಪ್ರತಿಯನ್ನು ಜೊತೆಗಿಟ್ಟಿದ್ದೇನೆ.
– ಒಬ್ಬ ಓದುಗ, ಮಾಲೂರು ತಾಲ್ಲೂಕು

ಉತ್ತರ: ನಿಮ್ಮ ಎರಡು ಪುಟಗಳನ್ನು ಎರಡು ಸಲ ಓದಿದೆ. ತೋಟದಲ್ಲಿ ಕಳೆದ ವರ್ಷ ನಿಮಗೆ ಅಡ್ಡಿಯಾಗಿದೆ ಎಂದು ನನಗೆ ಅನಿಸುವುದಿಲ್ಲ. ಅಲ್ಲಿಯವರೆಗೆ ಯಾರೂ ಓದಿರಲಾರರು. ಮೊದಲ ಪುಟದ ತಲೆಯಲ್ಲೇ, ‘ಆಬ್ಜೆಕ್ಟಿವ್’ ಎಂಬ ಶೀರ್ಷಿಕೆಯ ಕೆಳಗೆ, ಹೆಸರಾಂತ ಸಾಫ್ಟ್‌ವೇರ್ ಕಂಪನಿಯಲ್ಲಿ ಪ್ರೋಗ್ರಾಮರ್ ಆಗಿ ಬೆಳೆಯುವುದು ನಿಮ್ಮ ಗುರಿ ಎಂದಿದೆ! ಬಯೋಡೇಟಾ ಮಾಡಿಕೊಟ್ಟವರು ಬೇರೆ ಯಾರದೋ ಫೈಲಿನಲ್ಲಿ ಹೆಸರು, ವಿಳಾಸಗಳನ್ನಷ್ಟೇ ಬದಲಿಸಿದಂತಿದೆ. ನೀವು ಅದನ್ನು ಓದಿ ನೋಡದೆ ನಲವತ್ತು ಕಡೆಗೆ ಕಳಿಸಿದ್ದೀರಿ.

ಆ ಪುಟದ ಉಳಿದ ಜಾಗವನ್ನೆಲ್ಲ ತಂದೆ ತಾಯಿಯ ಹೆಸರು, ಜಾತಿ, ಎತ್ತರ, ಅವಿವಾಹಿತ ಎಂಬ ವಿವರಗಳು ತುಂಬಿವೆ. ಹೆಣ್ಣಿನ ಮನೆಯವರಿಗೆ ಕೊಡುವುದಾದರೆ ಇದು ಸರಿಯಾದ ಬಯೋಡೇಟಾ; ಖಾಸಗಿ ಕಾರ್ಖಾನೆಯ ಎಚ್‌ಆರ್ ವಿಭಾಗಕ್ಕೆ ಇವುಗಳಲ್ಲಿ ಒಂದೂ ಬೇಡ. ಆಧಾರ್ ಸಂಖ್ಯೆಯನ್ನಂತೂ ಇಂದೇ ಅಳಿಸಿ, ಏಕೆಂದರೆ ಯಾರ ಕೈಗೆ ಹೋಗುತ್ತದೆಂದು ಗೊತ್ತಿಲ್ಲದ ಕಾಗದದಲ್ಲಿ ಅದನ್ನು ಬರೆಯುವುದು ಕ್ಷೇಮವಲ್ಲ. ಕೆಲಸ ಖಾತ್ರಿಯಾಗಿ ದಾಖಲೆ ಕೇಳಿದಾಗ ಕೊಟ್ಟರೆ ಸಾಕು.

ನನಗೆ ಬೇಸರವಾದದ್ದು ಇನ್ನೊಂದು ಸಂಗತಿಗೆ. ಶಾಫ್ಟ್‌ಗಳ ಅಳತೆ ನೋಡುತ್ತಿದ್ದೆ ಎಂದು ನನಗೆ ಎಷ್ಟು ಸ್ಪಷ್ಟವಾಗಿ ಬರೆದಿದ್ದೀರಿ. ಬಯೋಡೇಟಾದಲ್ಲಿ ಮಾತ್ರ ಎರಡನೇ ಪುಟದ ಕೊನೆಯಲ್ಲಿ ‘ಇಂಟರ್ನ್‌ಶಿಪ್ ಆಗಿದೆ’ ಎಂಬ ಒಂದೇ ಸಾಲಿದೆ, ಅದಕ್ಕೂ ಮೇಲೆ ‘ಹಾರ್ಡ್ ವರ್ಕರ್’, ‘ಟೀಮ್ ಪ್ಲೇಯರ್’ ಎಂಬ ಬಿರುದುಗಳಿವೆ. ಬಿರುದುಗಳನ್ನು ತೆಗೆದುಹಾಕಿ, ಆ ಮೂರು ತಿಂಗಳನ್ನು ಹೆಸರು ಮತ್ತು ಫೋನ್ ಸಂಖ್ಯೆಯ ಕೆಳಗೇ ತನ್ನಿ. ಯಾವ ಭಾಗ, ದಿನಕ್ಕೆ ಸುಮಾರು ಎಷ್ಟು, ಡ್ರಾಯಿಂಗ್‌ನಲ್ಲಿದ್ದ ಟಾಲರೆನ್ಸ್ (ಅಳತೆಯಲ್ಲಿ ಒಪ್ಪುವ ಹೆಚ್ಚುಕಮ್ಮಿ) ಎಷ್ಟು, ಯಾವ ಉಪಕರಣದಿಂದ ಅಳೆದಿರಿ, ಅಳತೆ ತಪ್ಪಿದ ಶಾಫ್ಟನ್ನು ಏನು ಮಾಡುತ್ತಿದ್ದಿರಿ ಎಂಬುದನ್ನು ಮೊದಲು ಕನ್ನಡದಲ್ಲೇ, ತಮ್ಮನಿಗೆ ಹೇಳುವಂತೆ ಬರೆದುಕೊಂಡು, ಆಮೇಲೆ ಸರಳ ಇಂಗ್ಲಿಷಿಗೆ ತನ್ನಿ; ನೇರವಾಗಿ ಇಂಗ್ಲಿಷಿನಲ್ಲಿ ಕುಳಿತರೆ ಮತ್ತೆ ಆ ಬಿರುದುಗಳೇ ಬರುತ್ತವೆ. ಬರೆದದ್ದನ್ನು ಸಂದರ್ಶನದಲ್ಲಿ ಕೇಳಿಯೇ ಕೇಳುತ್ತಾರೆ. ವರ್ನಿಯರ್ ಎಂದು ಬರೆದವರಿಗೆ ಅದರ ಲೀಸ್ಟ್ ಕೌಂಟ್ (ಅದು ಅಳೆಯಬಲ್ಲ ಅತಿ ಚಿಕ್ಕ ಅಳತೆ) ಸಾಮಾನ್ಯವಾಗಿ 0.02 ಮಿಲಿಮೀಟರ್, ಮೈಕ್ರೋಮೀಟರ್‌ನದು 0.01 ಎಂಬುದು ಬಾಯಲ್ಲಿರಬೇಕು.

ತೋಟದ ವರ್ಷವನ್ನು ಮುಚ್ಚಿಡಬೇಡಿ, ಅದಕ್ಕಾಗಿ ಕ್ಷಮೆಯನ್ನೂ ಕೇಳಬೇಡಿ. ‘2023–24: ತಂದೆಯವರ ಅನಾರೋಗ್ಯದ ಕಾರಣ ಕುಟುಂಬದ ಟೊಮೆಟೊ ಬೇಸಾಯದ ಹೊಣೆ’ ಎಂದು ಬರೆದು, ಪಂಪ್‌ಸೆಟ್ ಅಥವಾ ಡ್ರಿಪ್ ರಿಪೇರಿಯನ್ನು ನೀವೇ ಮಾಡಿದ್ದರೆ ಅದನ್ನು, ಕೂಲಿಯವರ ಲೆಕ್ಕ ಇಟ್ಟಿದ್ದರೆ ಅದನ್ನು, ಕೋಲಾರದ ಎಪಿಎಂಸಿಗೆ ಬಾಕ್ಸ್‌ಗಳನ್ನು ಹೊತ್ತಿಗೆ ಸರಿಯಾಗಿ ತಲುಪಿಸಿದ್ದರೆ ಅದನ್ನು ಎರಡು ಸಾಲಿನಲ್ಲಿ ಹೇಳಿ. ಮೆಂಟೆನೆನ್ಸ್ ವಿಭಾಗದವರಿಗೆ ಮೋಟಾರು ಬಿಚ್ಚಿ ಜೋಡಿಸಿದ ಕೈ ಬೇಕಾಗುತ್ತದೆ. ಮನೆಯಲ್ಲಿ ತೆಲುಗೋ ತಮಿಳೋ ಆಡುವುದಾದರೆ, ಓದಲು ಬಾರದಿದ್ದರೂ, ‘ಮಾತನಾಡಬಲ್ಲೆ’ ಎಂದು ಸೇರಿಸಿ. ನಮ್ಮ ಗಡಿ ತಾಲ್ಲೂಕುಗಳ ಶಾಪ್ ಫ್ಲೋರ್‌ನಲ್ಲಿ ಅದಕ್ಕೆ ಬೆಲೆಯಿದೆ. ಎಲ್ಲ ಸೇರಿ ಒಂದು ಪುಟ ಮೀರದಿರಲಿ.

ಇಮೇಲ್ ವಿಚಾರ. ನಲವತ್ತು ಕಂಪನಿಗಳ ವಿಳಾಸಗಳನ್ನೂ ಒಂದೇ ಮೇಲ್‌ನಲ್ಲಿ, ಎಲ್ಲರಿಗೂ ಕಾಣುವಂತೆ ಹಾಕಿದ್ದೀರಿ. ವಿಷಯದ ಸಾಲು ಖಾಲಿ. ಬಯೋಡೇಟಾ ಮೊಬೈಲ್‌ನಲ್ಲಿ ತೆಗೆದ ಫೋಟೊ. ಅರ್ಜಿಗಳನ್ನು ಮೊದಲು ಸಾಫ್ಟ್‌ವೇರ್‌ನಿಂದ ಜರಡಿ ಹಿಡಿಸುವ ಕಂಪನಿಗಳಿವೆ, ಫೋಟೊದೊಳಗಿನ ಅಕ್ಷರಗಳನ್ನು ಅದು ಓದದೆಯೂ ಹೋಗಬಹುದು. ಆದ್ದರಿಂದ ಟೈಪ್ ಮಾಡಿದ ಫೈಲನ್ನೇ ಪಿಡಿಎಫ್ ಆಗಿ ಉಳಿಸಿ, ಫೈಲಿಗೆ ನಿಮ್ಮ ಹೆಸರಿಡಿ, ವಿಷಯದ ಸಾಲಿನಲ್ಲಿ ಹುದ್ದೆಯನ್ನು ತಿಳಿಸಿ, ಒಂದೊಂದು ಕಂಪನಿಗೂ ಬೇರೆ ಬೇರೆಯಾಗಿ ನಾಲ್ಕೈದು ಸಾಲು ಬರೆಯಿರಿ: ಯಾವ ಕೆಲಸಕ್ಕೆ, ಅದಕ್ಕೆ ಹೊಂದುವ ಯಾವ ಅನುಭವ, ಯಾವಾಗ ಸೇರಬಲ್ಲಿರಿ. ದಿನಕ್ಕೆ ಎರಡೇ ಕಳಿಸಿದರೂ ಚಿಂತೆಯಿಲ್ಲ. ಜೊತೆಗೆ ಡಿಪ್ಲೊಮಾ ಆದವರಿಗೆ ಸ್ಟೈಪೆಂಡ್ ಸಹಿತ ಅಪ್ರೆಂಟಿಸ್ ತರಬೇತಿ ಕೊಡುವ ಕೇಂದ್ರ ಸರ್ಕಾರದ ನ್ಯಾಟ್ಸ್ ಪೋರ್ಟಲ್‌ನಲ್ಲಿಯೂ ಹೆಸರು ನೋಂದಾಯಿಸಿ.

ಪ್ರಶ್ನೆ: ನನ್ನ ಹೆಸರಿನ ಹಿಂದೆ ಎರಡು ಇನಿಷಿಯಲ್ ಇವೆ, ಸರ್‌ನೇಮ್ ಇಲ್ಲ. ಆನ್‌ಲೈನ್ ಅರ್ಜಿಗಳಲ್ಲಿ ಸರ್‌ನೇಮ್ ಕಡ್ಡಾಯ. ಏನು ಬರೆಯಲಿ?
– ಬಿ.ಕಾಂ. ಪದವೀಧರೆ, ಚಿಂತಾಮಣಿ

ಉತ್ತರ: ನಮ್ಮ ಕಡೆಯ ಬಹಳ ಜನರಿಗೆ ಈ ಪೇಚಾಟವಿದೆ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿರುವ ಹೆಸರನ್ನೇ ಆಧಾರವಾಗಿಟ್ಟುಕೊಂಡು, ಸರ್‌ನೇಮ್ ಜಾಗದಲ್ಲಿ ಇನಿಷಿಯಲ್‌ಗಳನ್ನು ಚುಕ್ಕಿಯಿಲ್ಲದೆ ಬರೆಯಿರಿ. ಫಾರಂ ಅದನ್ನು ಒಪ್ಪದಿದ್ದರೆ, ಪ್ಯಾನ್ ಅರ್ಜಿಯಲ್ಲಿ ಇನಿಷಿಯಲ್‌ಗಳನ್ನು ಬಿಡಿಸಿ ಬರೆದಿದ್ದರೆ ಆ ವಿಸ್ತೃತ ರೂಪವನ್ನು ಬಳಸಿ. ಯಾವುದನ್ನು ಆರಿಸಿಕೊಂಡರೂ ಎಲ್ಲ ಅರ್ಜಿಗಳಲ್ಲೂ ಅದೇ ಇರಲಿ. ಕೆಲಸಕ್ಕೆ ಸೇರಿದ ಮೇಲೆ ಪಿಎಫ್ ಖಾತೆಯ ಯುಎಎನ್‌ಗೆ (ಪಿಎಫ್ ಸದಸ್ಯರ ಗುರುತಿನ ಸಂಖ್ಯೆಗೆ) ಆಧಾರ್ ಜೋಡಿಸುವಾಗ ಹೆಸರು, ಜನ್ಮದಿನಾಂಕ ತಾಳೆಯಾಗದಿದ್ದರೆ ಅಲೆದಾಟ ತಪ್ಪಿದ್ದಲ್ಲ, ಆದುದರಿಂದ ಆಧಾರ್‌ನಲ್ಲಿ ಅಕ್ಷರ ವ್ಯತ್ಯಾಸವಿದ್ದರೆ ಅರ್ಜಿ ಹಾಕುವ ಈ ಬಿಡುವಿನಲ್ಲೇ ತಿದ್ದಿಸಿಕೊಳ್ಳಿ.