ಯಾರ ಸ್ಪೇಸ್‌ಗೆ ಹೋಗಲಿ?

ಪ್ರಶ್ನೆ: ನಾನು ಪ್ರೈಮರಿ ಶಾಲೆಯ ನಿವೃತ್ತ ಟೀಚರ್. ಮಗ ಫೋನಿಗೆ ಎಕ್ಸ್ (ಮೊದಲಿನ ಟ್ವಿಟರ್) ಹಾಕಿಕೊಟ್ಟಿದ್ದಾನೆ. ರಾತ್ರಿ ಊಟ ಆದಮೇಲೆ ಅದರಲ್ಲಿ ಧ್ವನಿಯಲ್ಲೇ ನಡೆಯುವ ಕೂಟಗಳಾದ ಕನ್ನಡದ ಸ್ಪೇಸ್‌ಗಳಲ್ಲಿ ಲೈವ್ ಮಾತುಕತೆ ಕೇಳುವ ಆಸೆ. ಒಂದೇ ಹೊತ್ತಿಗೆ ಮೂರ್ನಾಲ್ಕು ನಡೆಯುತ್ತಿರುತ್ತವೆ. ನಡೆಸುವವರ ಪ್ರೊಫೈಲ್ ತೆಗೆದರೆ ಎಲ್ಲರೂ ‘ಹೆಮ್ಮೆಯ ಕನ್ನಡಿಗ’, ‘ಸಾಹಿತ್ಯ ಪ್ರೇಮಿ’. ಹೇಗೆ ಆರಿಸಲಿ? ಮೊನ್ನೆ ಒಬ್ಬರು ಸ್ಪೇಸ್ ಮುಗಿದಮೇಲೆ ಮೆಸೇಜ್ ಮಾಡಿ ವಾಟ್ಸಾಪ್ ನಂಬರ್ ಕೇಳಿದರು. ಕೊಡಲಾ?
– ಒಬ್ಬ ಓದುಗರು, ತೀರ್ಥಹಳ್ಳಿ

ಉತ್ತರ: ನಂಬರ್ ಕೊಡಬೇಡಿ ಟೀಚರ್. ಸ್ಪೇಸ್‌ನಲ್ಲಿ ಕೇಳುವುದಕ್ಕಾಗಲಿ, ಮಾತಾಡುವುದಕ್ಕಾಗಲಿ ನಿಮ್ಮ ಫೋನ್ ನಂಬರ್ ಯಾರಿಗೂ ಬೇಕಿಲ್ಲ. ಮತ್ತೆ ಕೇಳಿದರೆ ಬ್ಲಾಕ್ ಮಾಡಿ. ಯಾರಿಗಾದರೂ ದುಡ್ಡು ಹೋಗಿಬಿಟ್ಟಿದ್ದರೆ ಮಾತ್ರ ತಡಮಾಡದೆ 1930ಕ್ಕೆ ಫೋನ್ ಮಾಡಬೇಕು, ಅದು ಸೈಬರ್ ವಂಚನೆಯ ಸಹಾಯವಾಣಿ.

ಇನ್ನು ಪ್ರೊಫೈಲ್ ವಿಷಯ. ನಾನೂ ಗೆಳತಿಯರ ಜೊತೆ ಭಾನುವಾರ ಸಂಜೆ ಯಕ್ಷಗಾನದ ಬಗ್ಗೆ ಒಂದು ಸ್ಪೇಸ್ ನಡೆಸುತ್ತೇನೆ. ಯಾರನ್ನಾದರೂ ಮಾತಿಗೆ ಕರೆಯುವ ಮುಂಚೆ ಅವರ ಪುಟ ನೋಡಿಯೇ ಕರೆಯುವುದು. ಮೇಲಿನ ಎರಡು ಸಾಲು ಅವರೇ ಬರೆದುಕೊಂಡದ್ದು, ಅದಕ್ಕೆ ಜಾಸ್ತಿ ಬೆಲೆ ಕೊಡಬೇಡಿ. ನೀಲಿ ಟಿಕ್ ಕೂಡ ಅಷ್ಟೇ. ಮೊದಲು ಹೆಸರುವಾಸಿಗಳಿಗೆ, ಪತ್ರಕರ್ತರಿಗೆ ಪರಿಶೀಲಿಸಿ ಕೊಡುತ್ತಿದ್ದರು. 2023ರ ಏಪ್ರಿಲ್‌ನಲ್ಲಿ ಆ ಹಳೆಯ ಟಿಕ್‌ಗಳನ್ನು ತೆಗೆದರು. ಈಗ ಚಂದಾ ಕಟ್ಟಿದವರಿಗೂ ಸಿಗುತ್ತದೆ. ಫಾಲೋವರ್‌ಗಳನ್ನೂ ದುಡ್ಡಿಗೆ ಮಾರುವವರಿದ್ದಾರೆ.

ಖಾತೆ ಶುರುವಾದ ತಿಂಗಳು, ವರ್ಷ ಅಲ್ಲೇ ಕೆಳಗಿರುತ್ತದೆ, ಒಮ್ಮೆ ನೋಡಿ. ಆಮೇಲೆ ‘ರಿಪ್ಲೈಸ್’ ಒತ್ತಿ. ನನಗೆ ಮುಖ್ಯ ಅನ್ನಿಸುವುದು ಅದೇ. ಬೇರೆಯವರಿಗೆ ಅವರು ಕೊಟ್ಟ ಉತ್ತರಗಳೆಲ್ಲ ಅಲ್ಲಿರುತ್ತವೆ. ಯಾರೋ ‘ಹ’ಕಾರ ತಪ್ಪಿ ಬರೆದರೆ ಇವರು ಹೇಗೆ ತಿದ್ದಿದ್ದಾರೆ? ಕಲಬುರ್ಗಿ ಕಡೆಯ ಮಾತನ್ನೋ ಕುಂದಾಪುರದ ಮಾತನ್ನೋ ಆಡಿಕೊಂಡಿದ್ದಾರಾ? ಹೆಣ್ಣುಮಗಳೊಬ್ಬಳು ‘ನಾನು ಒಪ್ಪಲ್ಲ’ ಅಂದ ಕೂಡಲೇ ಏಕವಚನಕ್ಕೆ ಇಳಿದಿದ್ದಾರಾ? ಬರೆಯುವಾಗಲೇ ಹಾಗಿರುವವರು ಮೈಕ್ ಸಿಕ್ಕಾಗ ಇನ್ನೂ ಜೋರು. ಅಂಥವರ ಸ್ಪೇಸ್‌ನಲ್ಲಿ ವಿಷಯ ಎಷ್ಟೇ ಚೆನ್ನಾಗಿದ್ದರೂ ನಿಮ್ಮಂಥವರಿಗೆ ಬಾಯಿ ಬಿಡಲು ಮನಸ್ಸಾಗುವುದಿಲ್ಲ. ನನಗೆ ಬೇಜಾರಾಗುವುದು ಇದಕ್ಕೇ. ಎಷ್ಟೋ ವರ್ಷ ಪಾಠ ಮಾಡಿದವರು ಮೂಲೆಯಲ್ಲಿ ಸುಮ್ನೆ ಕೂತು ಎದ್ದುಹೋಗುತ್ತಾರೆ.

ನಡೆಸುವವರ ಜೊತೆ ಇಬ್ಬರು ಸಹ-ಹೋಸ್ಟ್‌ಗಳು ಇರಬಹುದು. ಅವರ ಪುಟವನ್ನೂ ನೋಡಿ, ಏಕೆಂದರೆ ಯಾರಿಗೆ ಮೈಕ್ ಕೊಡಬೇಕು ಅಂತ ಅವರೂ ತೀರ್ಮಾನಿಸುತ್ತಾರೆ. ಕೇಳುಗರಾಗಿ ಸೇರಿದರೆ ನಿಮ್ಮ ಮೈಕ್ ಆಫ್ ಇರುತ್ತದೆ, ಅಡುಗೆಮನೆಯ ಸದ್ದು ಕೇಳಿಸೀತು ಅನ್ನುವ ಭಯ ಬೇಡ. ಮೊದಲ ಸಲ ಅರ್ಧಗಂಟೆ ಸುಮ್ನೆ ಕೇಳಿ. ಹೊಸಬರು ಮಾತಾಡುವಾಗ ಅವರ ಮಾತು ಮುಗಿಯುವತನಕ ಬಿಡುತ್ತಾರಾ ಗಮನಿಸಿ. ಸರಿ ಅನ್ನಿಸಿದರೆ ಧೈರ್ಯವಾಗಿ ಮೈಕ್ ಕೇಳಿ. ಆದರೆ ರೆಕಾರ್ಡಿಂಗ್ ಗುರುತು ಇದೆಯಾ ನೋಡಿಕೊಳ್ಳಿ. ಇದ್ದರೆ ನಿಮ್ಮ ಮಾತನ್ನು ಆಮೇಲೂ ಜನ ಕೇಳಬಹುದು. ಅಲ್ಲಿ ಮನೆಯ ವಿಳಾಸ, ಮಗನ ಕೆಲಸ, ನೀವು ಒಬ್ಬರೇ ಇರುವ ವಿಷಯ ಬೇಡ. ಮಕ್ಕಳಿಗೆ ಕಲಿಸಿದ ಪದ್ಯಗಳ ಬಗ್ಗೆ ಎಷ್ಟು ಬೇಕಾದರೂ ಮಾತಾಡಿ.